ಘಾಟಿಯಲ್ಲಿ ನಿಲ್ಲುವ ಪಿಕಪ್: ಇಂಧನ ಪಂಪಿನ ಫ್ಯೂಸ್ ಮತ್ತು ಮಾಲೀಕರ ಹೊಣೆ

ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ವಾಣಿಜ್ಯ ವ್ಯವಹಾರ ಇಂದು ಬಹುಮಟ್ಟಿಗೆ ಪಿಕಪ್ ವಾಹನಗಳನ್ನು ಅವಲಂಬಿಸಿದೆ. ತೋಟದಿಂದ ಕಣಕ್ಕೆ ಬರುವ ಕಾಫಿ ಹಣ್ಣು, ಕಣದಿಂದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಮೂಟೆ, ಆಲೂರು ಕಡೆಯ ಶುಂಠಿ, ಕಾಳುಮೆಣಸು, ಹಳ್ಳಿಯ ಡೈರಿಗಳ ಹಾಲಿನ ಕ್ಯಾನು, ರಸಗೊಬ್ಬರ, ಸಿಮೆಂಟು, ಅಂಗಡಿಗಳ ದಿನಸಿ ಇವೆಲ್ಲವೂ ಈ ಚಿಕ್ಕ ವಾಹನಗಳ ಬೆನ್ನೇರಿಯೇ ಸಾಗುತ್ತವೆ. ಹೆತ್ತೂರು, ಯಸಳೂರು, ಹಾನುಬಾಳು, ಕೆ. ಹೊಸಕೋಟೆ ಹೋಬಳಿಗಳ ಒಳರಸ್ತೆಗಳಲ್ಲಿ ದೊಡ್ಡ ಲಾರಿ ತಿರುಗುವುದೇ ಕಷ್ಟ. ಅಲ್ಲಿ ಪಿಕಪ್ ನಿಂತರೆ ವ್ಯಾಪಾರವೂ ನಿಂತಂತೆ. ಹೀಗಿದ್ದರೂ ಅಂತಹ ವಾಹನವನ್ನು ನಡುದಾರಿಯಲ್ಲಿ ನಿಲ್ಲಿಸಬಲ್ಲ ಬೆರಳುಗುರಿನಷ್ಟು ಚಿಕ್ಕ ಬಿಡಿಭಾಗವೊಂದರ ಬಗ್ಗೆ, ಅಂದರೆ ಇಂಧನ ಪಂಪಿನ ಫ್ಯೂಸ್ ಬಗ್ಗೆ, ವಾಹನದ ಮಾಲೀಕರಾಗಲಿ ಅದಕ್ಕೆ ಬಾಡಿಗೆ ಕೊಡುವ ವರ್ತಕರಾಗಲಿ ಯೋಚಿಸುವುದು ಅಪರೂಪ. ಕೆಲವೇ ರೂಪಾಯಿ ಬೆಲೆಯ ವಸ್ತುವಾದುದರಿಂದ ಅದು ಚಾಲಕನ ತಲೆನೋವು ಎಂದು ಬಿಟ್ಟುಬಿಡಲಾಗುತ್ತದೆ. ಈ ಧೋರಣೆಯೇ ತಪ್ಪು.

ಹಿಂದೆ ತೋಟದ ಮನೆಗಳ ಮುಂದೆ ನಿಲ್ಲುತ್ತಿದ್ದ ಪೆಟ್ರೋಲ್ ಜೀಪುಗಳಿಗೆ ಈ ತೊಂದರೆ ಇರಲಿಲ್ಲ. ಅವುಗಳ ಇಂಧನ ಪಂಪು ಎಂಜಿನ್ನಿನ ಪಕ್ಕಕ್ಕೇ ಜೋಡಿಸಲ್ಪಟ್ಟಿದ್ದು, ಎಂಜಿನ್ ತಿರುಗಿದಂತೆ ಅದರ ಸನ್ನೆಯೂ ಆಡುತ್ತಿತ್ತು. ವಿದ್ಯುತ್ತಿನ ಹಂಗೇ ಇರಲಿಲ್ಲ. ಹಳೆಯ ಡೀಸೆಲ್ ವಾಹನಗಳಲ್ಲಿಯೂ ಪಂಪನ್ನು ಎಂಜಿನ್ನೇ ತಿರುಗಿಸುತ್ತಿತ್ತು. ಹಲವು ವಾಹನಗಳಲ್ಲಿ ಡೀಸೆಲ್ ಹರಿವನ್ನು ತಡೆಯುವ ಒಂದು ಸೊಲೆನಾಯ್ಡ್ ಮಾತ್ರ ವಿದ್ಯುತ್ತಿನಿಂದ ನಡೆಯುತ್ತಿತ್ತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಚಿಕ್ಕ ಸರಕು ವಾಹನ ಸಾಮಾನ್ಯ ವರ್ತಕನ ಕೈಗೂ ಎಟುಕುವಂತಾಯಿತು. 2017ರ ಏಪ್ರಿಲ್‌ನಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ದೇಶದಾದ್ಯಂತ ಜಾರಿಗೆ ಬಂದ ಮೇಲೆ ಇಂಧನ ಪೂರೈಕೆಯ ನಿಯಂತ್ರಣ ಬಹುತೇಕ ಎಲೆಕ್ಟ್ರಾನಿಕ್ ವ್ಯವಸ್ಥೆಯ ಪಾಲಾಗಿದೆ. ಇಂದಿನ ಪೆಟ್ರೋಲ್ ಪಿಕಪ್‌ಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುವ ಒಂದು ವಿದ್ಯುತ್ ಮೋಟಾರು. ಡೀಸೆಲ್ ವಾಹನಗಳಲ್ಲಿ ಮಾದರಿಗೆ ತಕ್ಕಂತೆ ವ್ಯವಸ್ಥೆ ಬೇರೆ ಬೇರೆ. ಆದರೆ ರಿಲೇ, ಫ್ಯೂಸ್ ಮತ್ತು ತಂತಿಗಳ ಸರಣಿಯೊಂದು ಕಡಿದರೆ ಎಂಜಿನ್ ನಿಲ್ಲುತ್ತದೆ ಎಂಬುದು ಎರಡಕ್ಕೂ ಸಮಾನ. ತಮ್ಮ ವಾಹನದಲ್ಲಿ ಆ ಫ್ಯೂಸ್ ಯಾವುದು, ಎಷ್ಟು ಆಂಪಿಯರ್‌ನದು ಎಂಬುದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೋ ಕೈಪಿಡಿಯಲ್ಲೋ ಇರುತ್ತದೆ. ವಾಹನ ಕೊಂಡ ದಿನ ಬೀರುವಿಗೆ ಸೇರಿದ ಕೈಪಿಡಿಯನ್ನು ಮತ್ತೆ ತೆರೆದ ಮಾಲೀಕರು ಎಷ್ಟು ಮಂದಿ?

ಫ್ಯೂಸ್ ಇರುವುದು ಪಂಪನ್ನು ಕಾಪಾಡಲೆಂದು ಅನೇಕರ ನಂಬಿಕೆ. ಮೂಲತಃ ಅದು ಕಾಪಾಡುವುದು ತಂತಿಯನ್ನು. ತಂತಿ ಎಷ್ಟು ವಿದ್ಯುತ್ತನ್ನು ಬಿಸಿಯಾಗದೆ ಹೊರಬಲ್ಲದೋ ಅದಕ್ಕೆ ಅನುಗುಣವಾಗಿ ತಯಾರಕರು ಫ್ಯೂಸ್ ನಿಗದಿಪಡಿಸಿರುತ್ತಾರೆ. 10 ಆಂಪಿಯರ್‌ಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು ಎಂಬ ಬಣ್ಣದ ಗುರುತು ಎಲ್ಲ ಕಡೆಯೂ ಒಂದೇ. ಈ ಬಗೆಯ ಫ್ಯೂಸ್‌ಗಳ ಮಾನದಂಡವನ್ನು ತಿಳಿದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ನಿಗದಿತ ಪ್ರಮಾಣಕ್ಕಿಂತ ಶೇ. 10ರಷ್ಟು ಹೆಚ್ಚು ವಿದ್ಯುತ್ ಹರಿದರೂ ಫ್ಯೂಸ್ 100 ಗಂಟೆ ತಡೆಯಬೇಕು, ಶೇ. 35ರಷ್ಟು ಹೆಚ್ಚಾದರೆ 10 ನಿಮಿಷದೊಳಗೆ ಕಡಿಯಬೇಕು; ಇಮ್ಮಡಿಯಾದರೆ 5 ಸೆಕೆಂಡಿನೊಳಗೆ ಕಡಿಯಬೇಕು. ಅಂದರೆ 15 ಆಂಪಿಯರ್‌ನ ನೀಲಿ ಫ್ಯೂಸ್ 30 ಆಂಪಿಯರ್ ಹರಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನ ಕೆಲಸ ಮುಗಿಸುತ್ತದೆ. ಅದೇ ಜಾಗದಲ್ಲಿ 30ರ ಹಸಿರು ಫ್ಯೂಸ್ ಇದ್ದರೆ ಅದೇ 30 ಆಂಪಿಯರ್ ಎಷ್ಟು ಹೊತ್ತು ಹರಿದರೂ ಫ್ಯೂಸ್ ಅಲುಗದು. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಆ ಶಾಖ ಸುಡುವುದು ತಂತಿಯ ಹೊದಿಕೆಯನ್ನು, ಅದೂ ಇಂಧನದ ಕೊಳವೆಗಳ ಪಕ್ಕದಲ್ಲಿ.

ಆದರೂ ನಡೆಯುತ್ತಿರುವುದೇನು? ಫ್ಯೂಸ್ ಒಮ್ಮೆ ಹೋದರೆ ಅದೇ ಪ್ರಮಾಣದ್ದನ್ನು ಹಾಕುತ್ತಾರೆ. ಎರಡನೆಯ ಸಲ ಹೋದರೆ ‘ಇದು ತಡೆಯುವುದಿಲ್ಲ’ ಎಂದು ದೊಡ್ಡದನ್ನು ಹಾಕುತ್ತಾರೆ. ಮೂರನೆಯ ಸಲಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವೋ ತಾಮ್ರದ ಎಳೆಯೋ ಆ ಜಾಗವನ್ನು ಅಲಂಕರಿಸುತ್ತದೆ. ಬಳಿಕ ಫ್ಯೂಸ್ ಹೋಗುವುದೇ ಇಲ್ಲ; ದೋಷ ಸರಿಯಾಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗಿದ ಮನೆಯವರ ಕಥೆಯಂತಾಯಿತು ಇದು.

ವಾಸ್ತವವಾಗಿ ಫ್ಯೂಸ್ ಯಾವಾಗ ಹೋಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿರುತ್ತದೆ. ಕೀ ತಿರುಗಿಸಿದ ಕ್ಷಣದಲ್ಲೇ ಹೋದರೆ ಎಲ್ಲೋ ತಂತಿ ಛಾಸಿಗೆ ತಗುಲಿದೆ ಅಥವಾ ಪಂಪು ಕಸ ಸಿಕ್ಕಿ ಬಿಗಿದುಕೊಂಡಿದೆ. ಹಳ್ಳ ದಿಣ್ಣೆಯಲ್ಲಿ ಕುಲುಕಿದಾಗ ಮಾತ್ರ ಹೋದರೆ ತಂತಿಯ ಹೊದಿಕೆ ಉಜ್ಜಿ ಸವೆದಿದೆ. ಮಳೆಯಲ್ಲಿ ಅಥವಾ ವಾಹನ ತೊಳೆದ ಮೇಲೆ ಹೋದರೆ ಕನೆಕ್ಟರಿನೊಳಗೆ ನೀರು ಸೇರಿದೆ. ಲೋಡು ಹೊತ್ತು ಅರ್ಧ ಗಂಟೆ ಏರು ಹತ್ತಿದ ಮೇಲೆ ಹೋದರೆ ಪಂಪು ಶ್ರಮಪಡುತ್ತಿದೆ. ಕಟ್ಟಿಕೊಂಡ ಫಿಲ್ಟರ್, ಸವೆದ ಮೋಟಾರು ಅಥವಾ ಬರಿದಾಗುತ್ತಿರುವ ಟ್ಯಾಂಕು ಅದಕ್ಕೆ ಕಾರಣವಾಗಿರಬಹುದು. ಇನ್ನೊಂದು ಬಗೆಯಿದೆ, ಅದನ್ನು ಮೆಕ್ಯಾನಿಕ್‌ಗಳೂ ಗಮನಿಸದೆ ಬಿಡುತ್ತಾರೆ: ಫ್ಯೂಸ್ ಕೂರುವ ಕಚ್ಚು ಸಡಿಲವಾಗಿ ಅಲ್ಲಿಯೇ ಶಾಖ ಹುಟ್ಟುತ್ತದೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿ ಪಂಪಿನದಾಗಲಿ ತಂತಿಯದಾಗಲಿ ತಪ್ಪೇನೂ ಇರುವುದಿಲ್ಲ. ಬದಲಿಸಬೇಕಾದುದು ಆ ಕಚ್ಚನ್ನು. ಹಾಗೆಯೇ ಛಾಸಿಗೆ ಕಟ್ಟಿದ ಅರ್ಥ್ ತಂತಿ ತುಕ್ಕು ಹಿಡಿದರೆ ಪಂಪಿಗೆ ಸಾಲುವಷ್ಟು ವಿದ್ಯುತ್ ಸಿಗದೆ ಎಂಜಿನ್ ಏರಿನಲ್ಲಿ ಮುಗ್ಗರಿಸುತ್ತದೆ. ತುಕ್ಕು ಉಜ್ಜುವುದರಲ್ಲಿ ಮುಗಿಯಬಹುದಾದ ಕೆಲಸಕ್ಕೆ ಹೊಸ ಪಂಪು ಹಾಕಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವ ಸಂಭವವಿದೆ.

ದೋಷ ಹುಡುಕಲು ಒಂದರ ಹಿಂದೆ ಒಂದರಂತೆ ಫ್ಯೂಸ್ ಸುಡಬೇಕಾಗಿಲ್ಲ. ಅನುಭವಿ ಆಟೋ ಎಲೆಕ್ಟ್ರಿಷಿಯನ್‌ಗಳು ಫ್ಯೂಸ್ ತೆಗೆದ ಜಾಗಕ್ಕೆ ಹೆಡ್‌ಲೈಟಿನ ಬಲ್ಬೊಂದನ್ನು ಜೋಡಿಸಿ, ಪಂಪಿನ ಕನೆಕ್ಟರ್ ಬಿಚ್ಚಿ, ಕೀ ಹಾಕುತ್ತಾರೆ. ಬಲ್ಬ್ ಉರಿದರೆ ದೋಷ ತಂತಿಯಲ್ಲಿದೆ. ಆಗ ತಂತಿಯ ಕಟ್ಟನ್ನು ಉದ್ದಕ್ಕೂ ಅಲುಗಿಸುತ್ತ ಹೋದರೆ ಬಲ್ಬ್ ಆರುವ ಜಾಗವೇ ತಪ್ಪಿನ ಜಾಗ. ಬಲ್ಬ್ ಉರಿಯದಿದ್ದರೆ ಪಂಪನ್ನು ಅನುಮಾನಿಸಬೇಕು. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಇದ್ದರಂತೂ ಪಂಪು ಎಷ್ಟು ಆಂಪಿಯರ್ ಎಳೆಯುತ್ತಿದೆಯೆಂದು ನಿಮಿಷದಲ್ಲಿ ತಿಳಿಯುತ್ತದೆ. ಹೊಸ ಫಿಲ್ಟರ್ ಹಾಕಿದ ದಿನ ಆ ಅಂಕಿಯನ್ನು ಬರೆದಿಟ್ಟುಕೊಂಡು ಮುಂದಿನ ಸರ್ವಿಸಿನಲ್ಲಿ ಹೋಲಿಸಿ ನೋಡಿದರೆ, ಫ್ಯೂಸ್ ಹೋಗುವ ಮೊದಲೇ ಪಂಪಿನ ಸ್ಥಿತಿ ಗೊತ್ತಾಗುತ್ತದೆ. ಪೆಟ್ರೋಲ್ ವಾಸನೆ ಬರುತ್ತಿರುವ ವಾಹನದಲ್ಲಿ ಮಾತ್ರ ಇಂತಹ ಯಾವ ಪರೀಕ್ಷೆಗೂ ಕೈಹಾಕಬಾರದು.

ಈ ಕಾರಣಗಳು ಎಲ್ಲ ಊರಿಗೂ ಅನ್ವಯಿಸುವಂಥವೇ. ಆದರೆ ಈ ಗುಡ್ಡಗಾಡಿನ ವ್ಯವಹಾರದ ರೀತಿಯೇ ಇವನ್ನು ಹೆಚ್ಚಿಸುತ್ತಿದೆ ಎಂಬುದು ಗಮನಾರ್ಹ. ಸಕಲೇಶಪುರದ ಪಶ್ಚಿಮದ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಹನದ ತಳಭಾಗ ಒಣಗುವುದೇ ಇಲ್ಲ. ಕೆಸರು ತಂತಿಗಳ ಮೇಲೆ ಮೆತ್ತಿಕೊಂಡು, ಒಣಗಿ, ಮತ್ತೆ ನೆನೆದು ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ಕೆಲಸ ಕಡಿಮೆಯೆಂದು ವಾಹನವನ್ನು ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಇಲಿಗಳು ವೈರಿಂಗ್ ಕಡಿಯುತ್ತವೆ. ಹೀಗೆ ಮಳೆಗಾಲ ಮಾಡಿದ ಹಾನಿ ಹೊರಬರುವುದು ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆರಂಭವಾಗಿ ವಾಹನಕ್ಕೆ ಪೂರ್ಣ ಲೋಡು ಬಿದ್ದಾಗ.

ಮಂಜಿನ ದೀಪಗಳ ವಿಷಯವೂ ಹಾಗೆಯೇ. ಚಳಿಗಾಲದ ಮುಂಜಾನೆ ದೋಣಿಗಲ್ ಕಡೆ ಮಂಜು ಕವಿದಾಗ ಹೆಚ್ಚುವರಿ ದೀಪ ಬೇಕೆನ್ನುವುದರಲ್ಲಿ ತಪ್ಪಿಲ್ಲ. ಆದರೆ ಅವುಗಳಿಗೆ ವಿದ್ಯುತ್ತನ್ನು ಎಲ್ಲಿಂದ ತೆಗೆಯಲಾಗಿದೆ? 55 ವ್ಯಾಟ್‌ನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 9 ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ಕೈಗೆ ಸಿಕ್ಕಿತೆಂದು ಪಂಪಿನ ಸರಣಿಯಿಂದಲೇ ಸಂಪರ್ಕ ಕೊಟ್ಟರೆ, 6 ಆಂಪಿಯರ್ ಎಳೆಯುವ ಪಂಪು ಮತ್ತು ದೀಪಗಳು ಸೇರಿ 15ರ ಫ್ಯೂಸ್ ಮೊದಲ ದಿನವೇ ಅಂಚಿಗೆ ಬಂದು ನಿಲ್ಲುತ್ತದೆ. ದೀಪಗಳಿಗೆ ಬ್ಯಾಟರಿಯಿಂದ ನೇರ ತಂತಿ, ಪ್ರತ್ಯೇಕ ರಿಲೇ, ಪ್ರತ್ಯೇಕ ಫ್ಯೂಸ್ ಇರಲೇಬೇಕು. ಕಳ್ಳತನ ತಡೆಯಲೆಂದು ಪಂಪಿನ ತಂತಿಯನ್ನೇ ಕತ್ತರಿಸಿ ನಡುವೆ ರಿಲೇ ಜೋಡಿಸುವ ಜಿಪಿಎಸ್ ಉಪಕರಣಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಕೈಯಿಂದ ತಿರುಚಿ ಟೇಪು ಸುತ್ತಿದ ಜೋಡಣೆ ಮಲೆನಾಡಿನ ಒಂದು ಮಳೆಗಾಲವನ್ನೂ ತಾಳಲಾರದು.

ಇದಕ್ಕಿಂತ ಸೂಕ್ಷ್ಮವಾದ ಕಾರಣವೊಂದು ಲೆಕ್ಕದ ಪುಸ್ತಕದಲ್ಲಿದೆ. ಟ್ರಿಪ್ಪಿಗೆ ಇಷ್ಟು ಎಂದು ಎಣಿಸಿ ಇಂಧನದ ಹಣ ಕೊಡುವ ಪದ್ಧತಿಯಿಂದ ಟ್ಯಾಂಕು ಸದಾ ತಳ ಹಿಡಿದಿರುತ್ತದೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಇಂಧನವೇ. ಕಡಿದಾದ ಏರಿನಲ್ಲಿ ಇದ್ದಷ್ಟು ಇಂಧನ ಒಂದು ಮೂಲೆಗೆ ಸರಿದು ಪಂಪು ಗಾಳಿ ಎಳೆಯುತ್ತದೆ, ಕಾಯುತ್ತದೆ, ತಳದ ಕಸವನ್ನೂ ಹೀರುತ್ತದೆ. ಅರೆ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ಚಳಿಯ ರಾತ್ರಿಗಳಲ್ಲಿ ನೀರಾಗಿ ಇಂಧನಕ್ಕೆ ಇಳಿಯುತ್ತದೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ನೀರನ್ನು ತನ್ನತ್ತ ಸೆಳೆದುಕೊಳ್ಳುವ ಗುಣದ್ದಾದುದರಿಂದ ಪೆಟ್ರೋಲ್ ಪಿಕಪ್‌ಗಳನ್ನು ಅರೆ ಟ್ಯಾಂಕಿನಲ್ಲಿ ಬಹುದಿನ ನಿಲ್ಲಿಸುವುದು ಇನ್ನಷ್ಟು ಅಪಾಯಕರ. ತೋಟದ ಬ್ಯಾರಲ್ಲಿನಿಂದ ಕ್ಯಾನಿಗೆ, ಕ್ಯಾನಿನಿಂದ ಟ್ಯಾಂಕಿಗೆ ಸುರಿಯುವ ಡೀಸೆಲ್ ಜೊತೆ ತುಕ್ಕೂ ನೀರೂ ಸೇರಿಯೇ ಬರುತ್ತವೆ. ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಲು, ಡೀಸೆಲ್ ಫಿಲ್ಟರಿನ ತಳದ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಬಿಡಲು ತಗಲುವ ವೆಚ್ಚ ನಗಣ್ಯ. ಒಮ್ಮೆ ತುಂಬಿಸಿದ ಟ್ಯಾಂಕಿನ ಹಣ ಎಲ್ಲಿಗೂ ಹೋಗುವುದಿಲ್ಲ. ಚಾಲಕನ ಮೇಲಿನ ಅಪನಂಬಿಕೆಯಿಂದ ಉಳಿಸಿಕೊಂಡ ಪದ್ಧತಿಗೆ ಪಂಪು ಬೆಲೆ ತೆರುತ್ತಿದೆ.

ನಷ್ಟದ ಪ್ರಮಾಣವನ್ನು ಫ್ಯೂಸಿನ ಬೆಲೆಯಿಂದ ಅಳೆಯಲಾಗದು. ಅರೇಬಿಕಾ ಹಣ್ಣನ್ನು ಬಿಡಿಸಿದ ದಿನವೇ ಪಲ್ಪಿಂಗ್ ಮಾಡಬೇಕು. ರಾತ್ರಿಯಿಡೀ ಚೀಲದಲ್ಲೇ ಉಳಿದರೆ ಹುಳಿತು ಪಾರ್ಚ್‌ಮೆಂಟಿನ ದರ್ಜೆ ಕೆಡುತ್ತದೆ. ಹಾಲಿನ ಕ್ಯಾನಿಗಂತೂ ಕೆಲವು ಗಂಟೆಗಳ ಅವಧಿ ಮಾತ್ರ. ಇವೆಲ್ಲ ಹಣದ ನಷ್ಟ. ಶಿರಾಡಿ ಅಥವಾ ಬಿಸಿಲೆ ಘಾಟಿಯ ಇಳಿಜಾರಿನಲ್ಲಿ ಎಂಜಿನ್ ನಿಂತರೆ ಆಗುವ ನಷ್ಟ ಬೇರೆ ತೆರನದು. ಎಂಜಿನ್ ತಿರುಗುವುದು ನಿಂತೊಡನೆ ಬ್ರೇಕಿಗೆ ಸಿಗುವ ನಿರ್ವಾತದ ನೆರವು ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ತೀರುತ್ತದೆ. ಪವರ್ ಸ್ಟೀರಿಂಗ್ ಇರುವ ವಾಹನದ ಸ್ಟೀರಿಂಗ್ ಭಾರವಾಗುತ್ತದೆ. ವಾಹನ ಗೇರಿನಲ್ಲಿದ್ದರೆ ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಸ್ವಲ್ಪ ನೆರವು ಉಳಿಯುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ದುರಭ್ಯಾಸದವರಿಗೆ ಅದೂ ಇಲ್ಲ. ಹಿಂದೆ ಒಂದೂವರೆ ಟನ್ ಮೂಟೆ, ಮುಂದೆ ತಿರುವು. ಸರಕು ವಾಹನದಲ್ಲಿ ಕೂಲಿಯಾಳುಗಳನ್ನು ಕೂರಿಸುವುದು ಕಾನೂನಿಗೆ ವಿರುದ್ಧವೆಂಬುದು ಎಲ್ಲರಿಗೂ ತಿಳಿದಿದೆ. ಕೊಯ್ಲಿನ ಕಾಲದಲ್ಲಿ ಅದನ್ನು ಎಷ್ಟರಮಟ್ಟಿಗೆ ಪಾಲಿಸಲಾಗುತ್ತಿದೆ ಎಂಬುದೂ ತಿಳಿದಿದೆ.

ರಸ್ತೆಯ ಪರಿಸ್ಥಿತಿಯನ್ನೂ ಮರೆಯುವಂತಿಲ್ಲ. 2018ರ ಆಗಸ್ಟ್‌ನ ಭೂಕುಸಿತಗಳಿಂದಲೂ 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜರಿದಾಗಲೂ ರಾಷ್ಟ್ರೀಯ ಹೆದ್ದಾರಿ 75ರ ಸಂಚಾರ ಕಡಿದು ಈ ಭಾಗದ ವಹಿವಾಟು ತತ್ತರಿಸಿತು. ಪ್ರಕೃತಿಯ ಆ ಅಡಚಣೆಗೆ ವರ್ತಕರು ಹೊಣೆಯಲ್ಲ. ಕಿರಿದಾದ ತಿರುವಿನಲ್ಲಿ ಕೆಟ್ಟು ನಿಂತ ಒಂದು ಪಿಕಪ್‌ನ ಹಿಂದೆ ಮೈಲುದ್ದ ಸಾಲುಗಟ್ಟುವ ವಾಹನಗಳ ವಿಷಯದಲ್ಲಿ ಹಾಗೆ ಹೇಳಲಾಗದು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಗೌರವಕ್ಕೆ ಅರ್ಹವಾದುದೇ. ಸಂಜೆಯಾದ ಮೇಲೆ ಆಲೂರು-ಸಕಲೇಶಪುರದ ತೋಟದ ರಸ್ತೆಯಲ್ಲಿ ವಾಹನ ನಿಂತರೆ ಆನೆಯ ಭಯ. ಹೈಕೋರ್ಟಿನ ಆದೇಶದಂತೆ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ನೀಡಿದ ವರದಿಯಲ್ಲಿ ಈ ಭಾಗದ ಸಮಸ್ಯೆಯನ್ನು ವಿಶೇಷವಾಗಿ ಎತ್ತಿಕೊಂಡಿತ್ತು. ಅಂದಿನಿಂದ ಇಂದಿನವರೆಗೂ ಜನ ಪ್ರಾಣಭಯದಲ್ಲೇ ಓಡಾಡುತ್ತಿದ್ದಾರೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ನಿಂತ ಚಾಲಕ ತಂತಿ ಸುತ್ತಿಯಾದರೂ ಮನೆ ಸೇರಲು ನೋಡುವುದು ಸಹಜವಲ್ಲವೇ? ಸಹಜವೇ. ಅವನನ್ನು ಆ ಸ್ಥಿತಿಗೆ ತಂದುದೇ ತಪ್ಪು. ಪಿಕಪ್‌ನಲ್ಲಿ ಸರಿಯಾದ ಪ್ರಮಾಣದ ಎರಡು ಬದಲಿ ಫ್ಯೂಸ್, ಫ್ಯೂಸ್ ಕೀಳುವ ಚಿಮುಟ ಮತ್ತು ಒಂದು ಟಾರ್ಚ್ ಇದ್ದಿದ್ದರೆ ಬೆಳ್ಳಿ ಕಾಗದದ ಗೊಡವೆಯೇ ಬರುತ್ತಿರಲಿಲ್ಲ. ಅವೂ ಇಲ್ಲದಿದ್ದರೆ ಮ್ಯೂಸಿಕ್ ಸಿಸ್ಟಮ್ಮಿನಂತಹ ಅಗತ್ಯವಿಲ್ಲದ ಸರಣಿಯಿಂದ ಅದೇ ಆಂಪಿಯರ್‌ನ ಫ್ಯೂಸನ್ನು ಎರವಲು ಪಡೆಯಬಹುದು. ಅದೂ ತಕ್ಷಣ ಹೋದರೆ ಮತ್ತೆ ಪ್ರಯತ್ನಿಸದೆ ಬೇರೆ ವಾಹನ ಕರೆಸುವುದೊಂದೇ ದಾರಿ. ಸುಡುವ ತಂತಿಯ ಹೊಗೆ ಕ್ಯಾಬಿನ್ನಿನೊಳಗೆ ತುಂಬಿದರೆ ಅದೇ ಕತ್ತಲಲ್ಲಿ, ಅದೇ ರಸ್ತೆಯಲ್ಲಿ ಕೆಳಗಿಳಿಯಲೇಬೇಕಾಗುತ್ತದೆ.

‘ಚಾಲಕರಿಗೆ ತಿಳಿವಳಿಕೆ ಕೊಡಿ, ಸಾಕು’ ಎನ್ನುವವರೂ ಇದ್ದಾರೆ. ತಿಳಿವಳಿಕೆಯ ಕೊರತೆ ಅಷ್ಟೇನೂ ಇಲ್ಲ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆಯೆಂದು ಚಾಲಕ ಮಾಲೀಕರಿಗೆ ಹೇಳಿಯೇ ಇರುತ್ತಾನೆ. ‘ಸೀಸನ್ ಮುಗಿಯಲಿ, ನೋಡೋಣ’ ಎಂಬ ಉತ್ತರ ಬಂದಿರುತ್ತದೆ. ಅತ್ತ ಮಾಲೀಕರಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಬಾಡಿಗೆ. ಗ್ಯಾರೇಜಿನಲ್ಲಿ ನಿಂತ ದಿನಕ್ಕೆ ಆದಾಯವಿಲ್ಲ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಬಾಡಿಗೆ ಕೊಡುವ ಬೆಳೆಗಾರರೂ ವರ್ತಕರೂ ಒಂದು ದಿನ ವಾಹನ ಬರದಿದ್ದರೆ ಮರುದಿನ ಬೇರೆಯವರನ್ನು ಕರೆಯುತ್ತಾರೆ. ಹೀಗೆ ಸರಪಳಿಯ ಪ್ರತಿಯೊಬ್ಬರೂ ದುರಸ್ತಿಯನ್ನು ಇನ್ನೊಬ್ಬರ ಖರ್ಚೆಂದು ಭಾವಿಸುವುದರಿಂದ ಕೊನೆಗೆ ನಿರ್ಧಾರ ತೆಗೆದುಕೊಳ್ಳುವವನು ಕತ್ತಲಲ್ಲಿ ಬಾನೆಟ್ ಎತ್ತಿ ನಿಂತ ಚಾಲಕ. ಈ ವ್ಯವಸ್ಥೆಯನ್ನು ಬದಲಿಸುವ ಶಕ್ತಿ ಇರುವುದು ಬಾಡಿಗೆ ನಿಗದಿ ಮಾಡುವವರಿಗೆ, ಅಂದರೆ ವಾಣಿಜ್ಯ ಸಂಸ್ಥೆಗಳ ಸದಸ್ಯರಿಗೇ.

ಮಾಡಬೇಕಾದುದು ಹೆಚ್ಚೇನೂ ಇಲ್ಲ. ಮಳೆ ಹಿಂದೆಗೆದು ಕೊಯ್ಲು ಆರಂಭವಾಗುವ ನಡುವೆ ಅಕ್ಟೋಬರ್‌ನಲ್ಲಿ ಕೆಲವು ವಾರಗಳ ಬಿಡುವಿರುತ್ತದೆ. ಸೀಸನ್ನಿನ ಬಾಡಿಗೆ ಮಾತುಕತೆಯೂ ಸಾಮಾನ್ಯವಾಗಿ ಆಗಲೇ ನಡೆಯುತ್ತದೆ. ಆ ಮಾತುಕತೆಯಲ್ಲೇ ಪ್ರತಿ ವಾಹನಕ್ಕೆ ಅರ್ಧ ದಿನದ ವೈರಿಂಗ್ ಪರೀಕ್ಷೆಯನ್ನು ಷರತ್ತಾಗಿ ಸೇರಿಸಿ, ಆ ಅರ್ಧ ದಿನದ ಬಾಡಿಗೆಯನ್ನು ಸರಕಿನ ಒಡೆಯರೂ ವಾಹನದ ಮಾಲೀಕರೂ ಸಮವಾಗಿ ಹೊರುವುದು ನ್ಯಾಯ. ತಳಭಾಗ ತೊಳೆದು ಒಣಗಿಸಿ, ಟ್ಯಾಂಕಿನಿಂದ ಫ್ಯೂಸ್ ಪೆಟ್ಟಿಗೆಯವರೆಗಿನ ತಂತಿಯನ್ನು ಕೈಯಿಂದ ಸವರಿ ನೋಡಿ, ಉಜ್ಜುವ ಕಡೆ ಹೊದಿಕೆ ಹಾಕಿ, ಅರ್ಥ್ ಬಿಂದುಗಳನ್ನು ಉಜ್ಜಿ ಗ್ರೀಸ್ ಸವರಿ, ಫಿಲ್ಟರ್ ಬದಲಿಸಿ, ಪಂಪಿನ ಆಂಪಿಯರ್ ಅಳೆದು ಬರೆಯಲು ಅರ್ಧ ದಿನ ಸಾಕು. ಬಿಡಿಭಾಗಗಳ ವರ್ತಕರು ಆಂಪಿಯರ್ ಮುದ್ರೆಯಿಲ್ಲದ ಅಗ್ಗದ ಫ್ಯೂಸ್‌ಗಳನ್ನು ಮಾರುವುದನ್ನು ಬಿಡಬೇಕು. ಎಷ್ಟರಲ್ಲಿ ಕಡಿಯುತ್ತದೆಂಬ ಭರವಸೆಯಿಲ್ಲದ ಫ್ಯೂಸಿಗೂ ಬೆಳ್ಳಿ ಕಾಗದಕ್ಕೂ ವ್ಯತ್ಯಾಸವಿಲ್ಲ. ‘ಇದಕ್ಕಿಂತ ದೊಡ್ಡದು ಕೊಡಿ’ ಎಂದು ಕೇಳಿ ಬಂದವನಿಗೆ ಯಾವ ವಾಹನ, ಯಾವ ಸರಣಿ ಎಂದು ಮರುಪ್ರಶ್ನೆ ಹಾಕುವ ಅಂಗಡಿಯವನು ಒಂದು ಮಾರಾಟ ಕಳೆದುಕೊಂಡರೂ ಗಿರಾಕಿಯನ್ನು ಕಳೆದುಕೊಳ್ಳಲಾರ.

ಅಕ್ಟೋಬರ್‌ನ ಆ ಪರೀಕ್ಷೆಯ ದಿನ ಮಾಲೀಕರು ಸ್ವತಃ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರ ಮೇಲೆ ಮುದ್ರಿಸಿದ ಸಂಖ್ಯೆಗೂ ಒಳಗಿರುವ ಫ್ಯೂಸಿನ ಬಣ್ಣಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಬೇಕು. ನೀಲಿ ಇರಬೇಕಾದ ಕಡೆ ಹಸಿರು ಕಂಡರೆ ಆ ವಾಹನವನ್ನು ಮೊದಲು ಎಲೆಕ್ಟ್ರಿಷಿಯನ್ ಬಳಿಗೆ ಕಳುಹಿಸಿ, ಲೋಡಿನ ಮಾತನ್ನು ಅನಂತರ ಆಡಬೇಕು.